ಹೆಗಲೇರಿದ ಪುಕ್ಕಟೆ ಸೈಕಲ್ಲು

ಹುರುಳಿಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಚೆಲುವಾಜಮ್ಮ ಅಂತ ಸೊಪ್ಪು ಮಾರೋ ಹೆಂಗಸು. ಅವಳಿಗೆ ಒಬ್ಬನೇ ಮಗ, ಹೆಸರು ಅಂಕೇಶ. ಈ ಅಂಕೇಶ ಮಾತು ಕೇಳದ ಮಗ ಅಂದುಕೊಳ್ಳಬೇಡಿ. ಹಾಗಿದ್ದಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಮಗ ಅವನು, ಅದೇ ಅವಳ ಕರ್ಮ. ಸೊಪ್ಪಿನ ಮಡಿಗೆ ನೀರು ಚಿಮುಕಿಸೋ ಅಂದರೆ, ಮಳೆ ಸುರೀತಿದ್ದರೂ ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಚಿಮುಕಿಸೋನು.

ಇಂಥವನು ಕಾಲೇಜು ಹೇಗೆ ಸೇರಿದ ಅಂತ ಕೇಳ್ತೀರಿ. ಬಾಯಿಪಾಠದಲ್ಲಿ ಅವನನ್ನು ಮೀರಿಸೋರು ಇರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಪರೀಕ್ಷೆಯಲ್ಲಿ ಬರೆದಿಟ್ಟು ಬಂದ, ಪುಟದ ನಂಬರನ್ನೂ ಸೇರಿಸಿ. ಪಾಸಾದ.

ಪಾಸಾದದ್ದೇ ಚೆಲುವಾಜಮ್ಮನಿಗೆ ತಲೆನೋವಾಯಿತು. ಕಾಲೇಜು ಇರೋದು ಪೇಟೆಯಲ್ಲಿ, ನಾಲ್ಕು ಮೈಲಿ. ಮನೆಯಲ್ಲಿ ಇರೋದು ಒಂದೇ ಮೊಪೆಡ್ಡು, ಗಂಡ ತೀರಿಕೊಂಡ ಮೇಲೆ ಉಳಿದದ್ದು ಅದೊಂದೇ. ಅದರ ಮೇಲೆ ದಂಟು, ಕೀರೆ, ಸಬ್ಬಸಿಗೆ ಹೇರಿಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಪೇಟೆಯ ಬೀದಿ ಸುತ್ತಿದರೆ ಅವಳ ಸಂಸಾರ ನಡೆಯೋದು. ಮಗ ಗಾಡಿ ತಗೊಂಡು ಹೋದನೋ, ಇವಳು ಕುಕ್ಕೆ ತಲೆ ಮೇಲೆ ಹೊತ್ತು ನಡೀಬೇಕು. ಪೇಟೆ ಸೇರೋ ಹೊತ್ತಿಗೆ ಸೊಪ್ಪೂ ಬಾಡಿರೋದು, ಅವಳೂ ಬಾಡಿರೋಳು.

ಹೀಗಿರುವಾಗ ಒಂದು ದಿನ ಅಂಕೇಶ ಸುದ್ದಿ ತಂದ. ಕಾಲೇಜಿನ ಮೈದಾನದ ತುಂಬ ಹುಡುಗರ ಬೈಕುಗಳೇ ಆಗಿ, ಹೊಗೆ ಕುಡಿದು ಮೇಷ್ಟ್ರುಗಳಿಗೆಲ್ಲ ಕೆಮ್ಮು ಬಂದಿದೆಯಂತೆ. ಅದಕ್ಕೆ ಇನ್ನು ಮೇಲೆ ಗಾಡಿ ತರೋದಿಲ್ಲ ಅಂತ ಬರೆದುಕೊಟ್ಟವರಿಗೆ ಕಾಲೇಜಿನವರು ಒಂದೊಂದು ಹೊಸ ಸೈಕಲ್ಲು ಪುಕ್ಕಟೆ ಕೊಡ್ತಾರಂತೆ. ಮೂರು ತಿಂಗಳು ಬಿಟ್ಟು ತಪಾಸಣೆ ಮಾಡ್ತಾರಂತೆ. ದಿನಾ ತುಳಿದವರಿಗೆ ಸೈಕಲ್ಲು ಸ್ವಂತಕ್ಕೆ, ತುಳಿಯದೇ ಇದ್ದವರಿಂದ ವಾಪಸ್ಸು.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡೋರು. ಚೆಲುವಾಜಮ್ಮ ಸೊಪ್ಪಿನ ಕಂತೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಪುಕ್ಕಟೆಯಾ, ಯಾಕೆ ಪುಕ್ಕಟೆ, ಅವರಿಗೇನು ಬಂತು ಅಂತ ಮೂರು ಸಲ ಕೇಳಿದಳು. ಪಕ್ಕದ ಮನೆ ಜವರಪ್ಪ ಗೋಡೆಯ ಮೇಲಿಂದ ತಲೆ ಹಾಕಿ, ಮೊದಲು ಸೈಕಲ್ಲು ಕೊಡ್ತಾರೆ, ಆಮೇಲೆ ಒಂದು ಫೋಟೋ ತೆಗೀತಾರೆ, ಫೋಟೋ ತೆಗೆದರು ಅಂದರೆ ಮುಗೀತು ಅಂದ. ಏನು ಮುಗೀತು ಅಂತ ಅವನಿಗೂ ಗೊತ್ತಿರಲಿಲ್ಲ. ಆದರೂ ಚೆಲುವಾಜಮ್ಮನಿಗೆ ಆ ಮಾತು ಸರಿ ಕಂಡಿತು.

ಆದರೆ ಸೈಕಲ್ಲು ಬಂದರೆ ಮೊಪೆಡ್ಡು ಅವಳದಾಗ್ತದೆ. ಆ ಆಸೆ ಬಿಡಲಿಲ್ಲ. ಮಗನನ್ನು ಮುಂದೆ ಕೂರಿಸಿಕೊಂಡು ಬುದ್ಧಿ ಹೇಳಿದಳು: "ನೋಡ್ಲಾ ಮಗ, ಪುಕ್ಕಟೆ ಕೊಡೋರು ತಪ್ಪು ಹಿಡಿಯಕ್ಕೇ ಕಾಯ್ತಿರ್ತಾರೆ. ಅವರು ಏನು ಹೇಳ್ತಾರೋ ಅಷ್ಟೇ ಮಾಡು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿ ಇಲ್ಲ."

ಅಂಕೇಶ ಆಗಲಿ ಕಣವ್ವ ಅಂದ. ಮೊಪೆಡ್ಡು ಹತ್ತಿ ಕಾಲೇಜಿಗೆ ಹೋದ, ಬರೆದುಕೊಟ್ಟ, ನೀಲಿ ಬಣ್ಣದ ಸೈಕಲ್ಲು ಕೈಗೆ ಬಂತು. ಪ್ರಿನ್ಸಿಪಾಲರು ಮೈಕು ಹಿಡಿದು, ಸೈಕಲ್ಲು ತಗೊಂಡವರ ಗಾಡಿ ಈ ಗಳಿಗೆಯಿಂದ ಕಾಲೇಜಿನ ಗೇಟು ದಾಟಕೂಡದು ಅಂದರು. ಅಂಕೇಶ ಗೇಟು ನೋಡಿದ, ಒಳಗೆ ಬೇವಿನ ಮರದ ಕೆಳಗೆ ನಿಂತಿದ್ದ ತನ್ನ ಮೊಪೆಡ್ಡು ನೋಡಿದ. ದಾಟಕೂಡದು ಅಂದರೆ ದಾಟಕೂಡದು. ಅದನ್ನು ಅಲ್ಲೇ ಬಿಟ್ಟು ಸೈಕಲ್ಲು ತುಳಿದುಕೊಂಡು ಮನೆಗೆ ಬಂದ.

ಚೆಲುವಾಜಮ್ಮ ಮೊಪೆಡ್ಡೆಲ್ಲಿ ಅಂದಳು. ಕಾಲೇಜಲ್ಲಿ ಅಂದ. ಬರೋದಿಲ್ವಾ ಅಂದಳು. ಇಲ್ಲ ಕಣವ್ವ, ಅದು ಇನ್ನು ಗೇಟು ದಾಟೋ ಹಾಗಿಲ್ಲವಂತೆ ಅಂದ. ಅವಳಿಗೆ ಎಲ್ಲಾ ಅರ್ಥವಾಗಿಹೋಯಿತು. ಈ ಕೈಯಲ್ಲಿ ಸೈಕಲ್ಲು ಕೊಟ್ಟು ಆ ಕೈಯಲ್ಲಿ ಗಾಡಿ ಕಿತ್ತುಕೊಂಡಿದ್ದಾರೆ. ಸೆರಗು ಬಿಗಿದು ನಾಲ್ಕು ಮೈಲಿ ನಡೆದು ಹೋಗಿ ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತು, ಗಂಡ ಸತ್ತವಳ ಗಾಡಿ ನುಂಗೋಕೆ ನಾಚಿಕೆಯಾಗಲ್ವಾ ಅಂತ ಕೇಳಿಬಿಟ್ಟಳು. ಪ್ರಿನ್ಸಿಪಾಲರಿಗೆ ತಲೆಬುಡ ತಿಳಿಯಲಿಲ್ಲ. ಈಕೆಯನ್ನು ಯಾರೋ ಬೇಕು ಅಂತಲೇ ಕಳಿಸಿದ್ದಾರೆ ಅಂತ ಅವರಿಗೂ ಅನುಮಾನ ಬಂತು. ಕೊನೆಗೆ ವಾಚ್‌ಮನ್ನು, ಅಲ್ಲೇ ನಿಂತಿದೆಯಲ್ಲಮ್ಮ, ತಗೊಂಡು ಹೋಗಿ ಅಂತ ಬೇವಿನ ಮರ ತೋರಿಸಿದ.

ಮನೆಗೆ ಬಂದು ಮಗನನ್ನು ಬೈದಳು. ಬೈದು ಬೈದು ಸುಸ್ತಾಗಿ ಹೊಸ ಬುದ್ಧಿ ಹೇಳಿದಳು. ಹೋಗುವಾಗ ನಿನ್ನ ಹತ್ತಿರ ಏನೇನು ಇರ್ತದೋ ಬರುವಾಗ ಅದಷ್ಟೂ ಇರಬೇಕು, ಯಾರಿಗೂ ಏನನ್ನೂ ಬಿಟ್ಟು ಬರಬೇಡ ಅಂದಳು. ಅಂಕೇಶ ಆಗಲಿ ಕಣವ್ವ ಅಂದ.

ಮಾರನೇ ದಿನ ದಾರಿಯಲ್ಲಿ ಜಾಲಿ ಮುಳ್ಳು ಚುಚ್ಚಿ ಮುಂದಿನ ಚಕ್ರ ಕೂತಿತು. ಸೈಕಲ್ಲು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದ. ಅಂಗಡಿಯವನು ಟ್ಯೂಬು ಎಳೆದು, ಉಳಿದಿದ್ದ ಚೂರುಪಾರು ಗಾಳಿಯನ್ನೂ ಬುಸ್ಸಂತ ಬಿಟ್ಟ. ತೇಪೆ ಹಾಕಿದ, ಪಂಪು ಹಿಡಿದ. ಅಂಕೇಶ ಪಂಪಿನ ಮೇಲೆ ಕೈಯಿಟ್ಟು, "ಅಣ್ಣ, ಈ ಗಾಳಿ ಬ್ಯಾಡ. ನಾನು ಮನೆಯಿಂದ ತಂದ ಗಾಳಿ ಕೊಡಿ" ಅಂದ.

ಅಂಗಡಿಯವನು ನಕ್ಕ. ಅಂಕೇಶ ನಗಲಿಲ್ಲ. ನಮ್ಮ ಗಾಳಿ ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ ಡಬ್ಬಿ ಡಬ್ಬಿ ತೆಗೆದು ನೋಡೋಕೆ ಶುರು ಮಾಡಿದ. ಅಂಗಡಿಯವನಿಗೆ ಇವನ್ಯಾರೋ ಸ್ಪ್ಯಾನರು ಕದಿಯೋಕೆ ಬಂದವನು ಅನ್ನಿಸಿತು, ಕತ್ತು ಹಿಡಿದು ಆಚೆ ತಳ್ಳಿದ. ಅಂಕೇಶ ಕೂತ ಚಕ್ರದ ಸೈಕಲ್ಲನ್ನೇ ತಳ್ಳಿಕೊಂಡು ಕಾಲೇಜಿಗೆ ಹೋಗಿ, ಅದನ್ನೇ ತಳ್ಳಿಕೊಂಡು ಮನೆಗೆ ಬಂದ. ಚುಚ್ಚಿದ್ದ ಮುಳ್ಳನ್ನು ಮಾತ್ರ ಜೋಪಾನವಾಗಿ ಜೇಬಲ್ಲಿ ತಂದಿದ್ದ. ಬುತ್ತಿಯ ಮುದ್ದೆಯನ್ನೂ ಉಂಡಿರಲಿಲ್ಲ, ಹೋದಾಗ ಇದ್ದದ್ದು ಬರುವಾಗ ಇರಬೇಕಲ್ಲ.

ಚೆಲುವಾಜಮ್ಮ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅವಳಿಗೆ ಮಗನ ಮೇಲಿಗಿಂತ ಮುಳ್ಳಿನ ಮೇಲೆ ಅನುಮಾನ. ಇಷ್ಟು ದಿನ ಮೊಪೆಡ್ಡಿಗೆ ಚುಚ್ಚದ ಮುಳ್ಳು ಇವತ್ತು ಪುಕ್ಕಟೆ ಸೈಕಲ್ಲಿಗೇ ಯಾಕೆ ಚುಚ್ಚಿತು? ಯಾರೋ ಬೇಕು ಅಂತಲೇ ಚುಚ್ಚಿದ್ದಾರೆ, ಇವತ್ತು ಚುಚ್ಚಿದವರು ನಾಳೆ ಎತ್ತಿಕೊಂಡೇ ಹೋಗ್ತಾರೆ. ಮಗನನ್ನು ಬೈದು, ಚಕ್ರಕ್ಕೆ ತಾನೇ ಗಾಳಿ ಹಾಕಿಸಿಕೊಂಡು ಬಂದು, ಒಂದು ಮಾರುದ್ದ ಕಬ್ಬಿಣದ ಸರಪಳಿಯೂ ಬೀಗವೂ ಕೊಟ್ಟಳು. ಕಾಲೇಜಿನ ಹತ್ತಿರ ಇರೋದರಲ್ಲೇ ಭಾರವಾದದ್ದು, ಯಾರೂ ಎತ್ತೋಕಾಗದ್ದು ಯಾವುದು ಅಂತ ನೋಡಿ ಅದಕ್ಕೆ ಕಟ್ಟಿ ಬೀಗ ಹಾಕು ಅಂದಳು. ಅಂಕೇಶ ಆಗಲಿ ಕಣವ್ವ ಅಂದ.

ಕಾಲೇಜಿನಲ್ಲಿ ಸೈಕಲ್ಲು ನಿಲ್ಲಿಸೋಕೆ ಕಬ್ಬಿಣದ ಕಂಬಿ ಇತ್ತು. ಅಂಕೇಶ ಅಲ್ಲಾಡಿಸಿ ನೋಡಿದ, ಒಂಚೂರು ಅಲ್ಲಾಡಿತು. ಇದು ಬೇಡ. ಬೇವಿನ ಮರ ತಳ್ಳಿ ನೋಡಿದ, ಎಲೆ ಉದುರಿತು. ಇದೂ ಬೇಡ. ಗೇಟಿನಾಚೆ ರಸ್ತೆಯಲ್ಲಿ ಕಬ್ಬು ಹೇರಿದ ಟ್ರೈಲರುಗಳು ಸಾಲಾಗಿ ನಿಂತಿದ್ದವು, ಸಕ್ಕರೆ ಕಾರ್ಖಾನೆಗೆ ಸರದಿ ಕಾಯುತ್ತಾ. ಒಂದು ಟ್ರೈಲರಿಗೆ ಹೆಗಲು ಕೊಟ್ಟು ತಳ್ಳಿದ. ಒಂದಿಷ್ಟೂ ಮಿಸುಕಲಿಲ್ಲ. ಅಂಕೇಶನಿಗೆ ಖುಷಿಯಾಯಿತು. ಸರಪಳಿ ಸುತ್ತಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡು ಪಾಠ ಕೇಳೋಕೆ ಹೋದ.

ಮಧ್ಯಾಹ್ನ ಬಂದು ನೋಡಿದರೆ ಟ್ರೈಲರೂ ಇಲ್ಲ, ಸೈಕಲ್ಲೂ ಇಲ್ಲ. ಓಡಿದ. ಕಾರ್ಖಾನೆಯಲ್ಲಿ ಗಾಡಿ ತೂಗೋ ವೇಬ್ರಿಡ್ಜಿನ ಮೇಲೆ ಟ್ರೈಲರು ನಿಂತಿತ್ತು, ಹಿಂದೆ ಸೈಕಲ್ಲು ಅಡ್ಡಬಿದ್ದಿತ್ತು. ತೂಕದವನು ಕೆಂಗಣ್ಣು ಬಿಡ್ತಾ ಇದ್ದ. ಕಬ್ಬಿನ ತೂಕ ಏರಿಸೋಕೆ ಕಲ್ಲು ಇಟ್ಟವರನ್ನು ನೋಡಿದ್ದೀನಿ, ಮಣ್ಣು ಮೆತ್ತಿದವರನ್ನು ನೋಡಿದ್ದೀನಿ, ಸೈಕಲ್ಲು ಕಟ್ಟಿದವರನ್ನು ಇವತ್ತೇ ನೋಡಿದ್ದು ಅಂತ ಟ್ರಾಕ್ಟರಿನವನ ಮೇಲೆ ಕೂಗಾಡ್ತಿದ್ದ. ಇಬ್ಬರೂ ಸೇರಿ ಅಂಕೇಶನನ್ನು ಸಂಜೆವರೆಗೂ ಕೂರಿಸಿಕೊಂಡು ವಿಚಾರಿಸಿದರು. ನಮ್ಮವ್ವ ಹೇಳಿದ್ದಳು ಅಂತ ಬಿಟ್ಟು ಬೇರೇನೂ ಅವನ ಬಾಯಿಂದ ಬರಲಿಲ್ಲ. ಸಾಕಾಗಿ ಬಿಟ್ಟರು.

ಎರಡು ಮೈಲಿ ಎಳೆದಾಡಿಸಿಕೊಂಡ ಸೈಕಲ್ಲಿನ ಟೈರುಗಳೆರಡೂ ಚಿಂದಿಯಾಗಿದ್ದವು. ಚೆಲುವಾಜಮ್ಮ ಚಿಂದಿ ಕೈಯಲ್ಲಿ ಹಿಡಿದು ಲೆಕ್ಕ ಹಾಕಿದಳು. ಇನ್ನು ಕಾಲೇಜಿನವರು ನೋಡಿದರೆ, ಕೊಟ್ಟ ವಸ್ತು ಹಾಳು ಮಾಡಿದಿರಿ ಅಂತ ವಾಪಸ್ಸು ಇಸಕೊಳ್ತಾರೆ, ಮೊಪೆಡ್ಡು ಮಗನಿಗೆ, ಕುಕ್ಕೆ ತನ್ನ ತಲೆಗೆ. ಚಕ್ರ ಸರಿ ಮಾಡಿಸಿ, ಎರಡೂ ಕಡೆ ಹೊಸ ಟೈರು ಹಾಕಿಸಿ, ತೆಂಗಿನೆಣ್ಣೆ ಹಚ್ಚಿ ಫಳಫಳ ಒರೆಸಿ, ಮಗನ ಕಿವಿ ಹಿಂಡಿ ಹೇಳಿದಳು: "ಇವತ್ತು ಹೆಂಗೈತೋ ತಪಾಸಣೆ ದಿನವೂ ಹಂಗೇ ಇರಬೇಕು. ಒಂದು ಗೀರು ಬೀಳಬಾರದು. ಟೈರು ಸವೀಬಾರದು. ತಿಳೀತಾ?"

ಅಂಕೇಶ ಆಗಲಿ ಕಣವ್ವ ಅಂದ.

ಅಂದಿನಿಂದ ಎರಡೂವರೆ ತಿಂಗಳು ಚೆಲುವಾಜಮ್ಮನ ಬದುಕು ಸಲೀಸಾಗಿ ನಡೀತು. ಕೋಳಿ ಕೂಗೋ ಹೊತ್ತಿಗೆ ಮೊಪೆಡ್ಡು ಹತ್ತಿ ಹೋಗೋಳು, ಬಾಡದ ಸೊಪ್ಪು ಮಾರಿ ನಗುತ್ತಾ ಬರೋಳು. ಸಂಜೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು ತಪಾಸಣೆ ಮಾಡೋಳು. ಗೀರಿಲ್ಲ, ಧೂಳಿಲ್ಲ, ಟೈರು ಹೊಸದರ ಹಾಗೇ ಇದೆ. ಮಗನಿಗೆ ಕೊನೆಗೂ ಬುದ್ಧಿ ಬಂತು ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಗ ಏನು ಮಾಡ್ತಿದ್ದ ಗೊತ್ತಾ? ಅವ್ವ ಅತ್ತ ಹೋದದ್ದೇ ತಡ, ಸೈಕಲ್ಲನ್ನು ಎತ್ತಿ ಬಲ ಹೆಗಲ ಮೇಲೆ ಇಟ್ಟುಕೊಂಡು ನಾಲ್ಕು ಮೈಲಿ ನಡೆಯೋನು. ಸಂಜೆ ಅದೇ ಹೆಗಲ ಮೇಲೆ ನಾಲ್ಕು ಮೈಲಿ ವಾಪಸ್ಸು. ನೆಲಕ್ಕೆ ತಾಗಿಸಿದರೆ ತಾನೇ ಸವೆಯೋದು? ದಾರಿಯ ಹಳ್ಳಿಗಳವರು ಮೊದಮೊದಲು ಕದ್ದ ಮಾಲು ಅಂತ ಅನುಮಾನಪಟ್ಟರು. ದಿನಾ ಹೊರೋದನ್ನು ನೋಡಿ, ಇಲ್ಲ ಇಲ್ಲ, ಯಾವುದೋ ದೇವರಿಗೆ ಹರಕೆ ಹೊತ್ತಿದ್ದಾನೆ ಅಂತ ತೀರ್ಮಾನಿಸಿದರು. ಒಬ್ಬ ಮುದುಕಿ ಅಡ್ಡಬಂದು ಸೈಕಲ್ಲಿನ ಗಂಟೆಗೆ ಕುಂಕುಮ ಹಚ್ಚಿ ಕೈ ಮುಗಿದಳು.

ತಪಾಸಣೆಯ ದಿನ ಬಂತು. ಈ ಪ್ರಿನ್ಸಿಪಾಲರೂ ಅನುಮಾನದಲ್ಲಿ ಚೆಲುವಾಜಮ್ಮನಿಗೆ ಕಡಿಮೆಯಿಲ್ಲ. ಹುಡುಗರು ಬೈಕನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ, ಸೈಕಲ್ಲನ್ನು ಮನೆಯಲ್ಲಿ ಒರಗಿಸಿ, ಇವತ್ತು ಒಂದು ದಿನ ತೋರಿಸೋಕೆ ತರ್ತಾರೆ ಅಂತ ಅವರಿಗೆ ಗೊತ್ತು. ಅದಕ್ಕೆ ಅವರು ಹುಡುಗರ ಮುಖ ನೋಡಲಿಲ್ಲ, ಟೈರು ನೋಡಿದರು. ಹೊಸ ಟೈರಿನ ಮೈಮೇಲೆ ಸಣ್ಣ ಸಣ್ಣ ರಬ್ಬರಿನ ಎಳೆಗಳು ಎದ್ದುಕೊಂಡಿರ್ತಾವಲ್ಲ, ನಾಲ್ಕು ದಿನ ತುಳಿದರೆ ನೆಲಕ್ಕೆ ತಾಗೋ ಕಡೆಯವು ಉದುರಿಹೋಗ್ತವೆ. ಬಗ್ಗಿ ಬಗ್ಗಿ ಬೆರಳಾಡಿಸುತ್ತಾ ಬಂದವರು ಅಂಕೇಶನ ಸೈಕಲ್ಲಿನ ಮುಂದೆ ನಿಂತರು. ಒಂದೇ ಒಂದು ಎಳೆ ಉದುರಿರಲಿಲ್ಲ.

ಮೂರು ತಿಂಗಳು ಇದನ್ನು ಮನೆಯಲ್ಲೇ ಕಟ್ಟಿ ಹಾಕಿದ್ದೀಯ ಅಂದರು. ಇಲ್ಲ ಸಾರ್, ದಿನಾ ತಂದಿದ್ದೀನಿ ಅಂದ. ಹೇಗೆ ತಂದೆ ಅಂದರು. ಹೆಗಲ ಮೇಲೆ ಅಂದ. ಹುಡುಗರೆಲ್ಲ ಗೊಳ್ಳಂತ ನಕ್ಕರು. ತಮಾಷೆ ಮಾಡ್ತಿದ್ದಾನೆ ಅಂತ ಪ್ರಿನ್ಸಿಪಾಲರಿಗೆ ಸಿಟ್ಟು ಬಂತು. ಹೆಗಲು ತೋರಿಸು ಅಂದರು. ಅಂಕೇಶ ಅಂಗಿಯ ಎರಡು ಗುಂಡಿ ಬಿಚ್ಚಿ ತೋರಿಸಿದ. ಬಲ ಹೆಗಲಿನ ಚರ್ಮ ಕಪ್ಪಾಗಿ, ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು. ನಗು ನಿಂತುಹೋಯಿತು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ನಿಯಮ ನಿಯಮವೇ, ಆದರೆ ನಿನಗೆ ಎಂಟು ದಿನ ಕೊಡ್ತೀನಿ ಅಂದರು. ಎಂಟು ದಿನ ಬಿಟ್ಟು ನೋಡಿದಾಗ ನೆಲಕ್ಕೆ ತಾಗೋ ಕಡೆ ಒಂದು ಎಳೆಯೂ ಇರಬಾರದು, ಇದ್ದರೆ ಸೈಕಲ್ಲು ವಾಪಸ್ಸು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಾಯಿಗೆ ಕೊಡು ಅಂತ ಕಳಿಸಿದರು.

ಚೀಟಿಯನ್ನು ಜವರಪ್ಪ ಓದಿ ಹೇಳಿದ. ಚೆಲುವಾಜಮ್ಮ ಮಗನ ಅಂಗಿ ಸರಿಸಿ ಹೆಗಲು ನೋಡಿದಳು. ಎರಡೂವರೆ ತಿಂಗಳು ಟೈರನ್ನು ಮುಟ್ಟಿ ಮುಟ್ಟಿ ನೋಡಿದ್ದಳು, ಮಗನ ಹೆಗಲನ್ನು ಒಂದು ದಿನವೂ ನೋಡಿರಲಿಲ್ಲ. ಹರಳೆಣ್ಣೆ ಬಿಸಿ ಮಾಡಿ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು.

"ನನ್ನ ಮಾತು ಕೇಳಿ ಕೇಳಿ ಹಿಂಗಾದ್ಯಲ್ಲೋ ನನ್ನಪ್ಪ. ಇನ್ಮೇಲೆ ನಾನು ಏನು ಹೇಳಿದರೂ ಅದಕ್ಕೆ ಉಲ್ಟಾ ಮಾಡು. ಆಗಲಾದ್ರೂ ನೀನು ನೆಟ್ಟಗಾಯ್ತೀಯ."

ಅಂಕೇಶ ಆಗಲಿ ಕಣವ್ವ ಅಂದ.

ಬೆಳಿಗ್ಗೆ ಮುದ್ದೆ ಬಡಿಸಿ ಉಣ್ಣು ಅಂದಳು. ಕೈ ಕಟ್ಟಿಕೊಂಡು ಕೂತ. ಉಣ್ಣೋ ಅಂದಳು, ಎದ್ದು ಗೋಡೆ ಕಡೆ ತಿರುಗಿ ಕೂತ. ಚೆಲುವಾಜಮ್ಮ ಮುಖ ಗಂಟಿಕ್ಕಿ ಯೋಚನೆ ಮಾಡಿದಳು. ಆಮೇಲೆ ಮೆಲ್ಲಗೆ ಉಣ್ಣಬೇಡ ಅಂದಳು. ಎರಡು ಮುದ್ದೆ ಉಂಡ, ಬಸ್ಸಾರು ಸುರಿದುಕೊಂಡು ಕುಡಿದ. ಅಲ್ಲಿಗೆ ಅವಳಿಗೆ ಬೀಗದ ಕೈ ಸಿಕ್ಕಿದ ಹಾಗಾಯಿತು. ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿ, ನೋಡು, ಇದರ ಮೇಲೆ ಕೂತೀಯ ಹುಷಾರು, ಹೊತ್ತುಕೊಂಡೇ ಹೋಗಬೇಕು ಅಂತ ಗದರಿಸಿದಳು. ಅಂಕೇಶ ಟಣ್ಣಂತ ಹಾರಿ ಕೂತು ತುಳಿದುಕೊಂಡು ಹೊರಟೇಬಿಟ್ಟ.

ಅಷ್ಟು ತಿಂಗಳಿಂದ ಹೆಗಲೇರಿದ್ದ ಸೈಕಲ್ಲು ನೆಲದ ಮೇಲೆ ಉರುಳ್ತಾ ಹೋಗೋದನ್ನು ನೋಡಿ ಅವಳಿಗೆ ಹಿಡಿಸಲಾರದಷ್ಟು ಹಿಗ್ಗು. ಆ ಹಿಗ್ಗಿನಲ್ಲಿ, ಹೊರಗೆ ಹೊರಟ ಮಕ್ಕಳಿಗೆ ನಮ್ಮ ಕಡೆಯ ತಾಯಂದಿರು ಅನ್ನೋ ಮಾತನ್ನೇ ಅಂದುಬಿಟ್ಟಳು. ನಮ್ಮಲ್ಲಿ ಹೊರಟವರಿಗೆ ಬರೀ ಹೋಗು ಅಂತ ಯಾರೂ ಅನ್ನೋದಿಲ್ಲ, ಕೊನೆಗೊಂದು ಬಾ ಇರಲೇಬೇಕು. ಅವಳೂ ಕೂಗಿದಳು, "ಸಂಜೆ ಬಿರ್‍ರನೆ ಮನೆಗೆ ಬಾ ಮಗ."

ಸಂಜೆಯಾಯಿತು. ಮಗ ಬರಲಿಲ್ಲ. ದನ ಕೊಟ್ಟಿಗೆಗೆ ಬಂದವು, ಮಗ ಬರಲಿಲ್ಲ. ಚೆಲುವಾಜಮ್ಮನಿಗೆ ಹಳೇ ಅನುಮಾನವೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಮೊದಲು ಮೊಪೆಡ್ಡು ಹಿಡಿದಿಟ್ಟರು, ಆಮೇಲೆ ಸೈಕಲ್ಲು ಕೇಳಿದರು, ಈಗ ಮಗನನ್ನೇ ಇಟ್ಟುಕೊಂಡರು. ಪುಕ್ಕಟೆ ಯಾಕೆ ಕೊಟ್ಟರು ಅಂತ ಈಗ ಗೊತ್ತಾಯಿತು. ಮೊಪೆಡ್ಡು ಹತ್ತಿ ಕಾಲೇಜಿಗೆ ಹೋದರೆ ವಾಚ್‌ಮನ್ನು, ನಾಲ್ಕು ಗಂಟೆಗೇ ಹೊರಟನಲ್ಲಮ್ಮ, ಸೈಕಲ್ಲು ತುಳಿದುಕೊಂಡೇ ಹೋದ, ನಾವೆಲ್ಲ ಚಪ್ಪಾಳೆ ತಟ್ಟಿದೆವು ಅಂದ. ಅವನ ಮಾತನ್ನೂ ಅವಳು ನಂಬಲಿಲ್ಲ. ಬೇವಿನ ಮರದ ಕೆಳಗೆಲ್ಲ ಹುಡುಕಿ, ಕಣ್ಣೀರು ಒರೆಸಿಕೊಳ್ಳುತ್ತಾ ವಾಪಸ್ಸು ಬಂದಳು.

ಹೋಗುವಾಗ ಕೆರೆ ಏರಿ ದಾರಿ ಹಿಡಿದಿದ್ದಳು, ಬರುವಾಗ ಊರ ಮುಂದಿನ ದಾರಿಯಲ್ಲಿ ಬಂದಳು. ಅಲ್ಲಿ ಅರಳಿಕಟ್ಟೆಯ ಹತ್ತಿರ ಜನ ಗುಂಪು ಕಟ್ಟಿದ್ದರು. ಅಂಕೇಶ ಕಟ್ಟೆಯ ಸುತ್ತ ಸೈಕಲ್ಲು ತುಳೀತಾ ಇದ್ದ. ಬೆವರು ಇಳೀತಿತ್ತು, ಕಾಲು ನಡುಗ್ತಿತ್ತು. ಆಗಲೇ ಒಂದೂವರೆ ಗಂಟೆಯಿಂದ ಸುತ್ತುತ್ತಿದ್ದಾನೆ, ಮನೆ ಕಡೆ ತಿರುಗೋ ಅಂದರೆ ತಿರುಗೋದಿಲ್ಲ ಅಂದ ಜವರಪ್ಪ.

ಅವಳು ಮೊಪೆಡ್ಡು ಇಳಿದು ಓಡಿದಳು. ಮನೆಗೆ ಬಾರೋ ಅಂದಳು. ಅಂಕೇಶ ಇನ್ನೂ ಜೋರಾಗಿ ಒಂದು ಸುತ್ತು ಹಾಕಿದ. ಕತ್ತಲಾಯ್ತದೆ ಬಾರೋ ಅಂದಳು. ಇನ್ನೊಂದು ಸುತ್ತು. ಆಗ ಅವಳಿಗೆ ಹೊಳೀತು. ಎಷ್ಟು ಬೈದಿದ್ದಳು ಆ ಮಗನನ್ನು, ಪೆದ್ದ ಅಂದಿದ್ದಳು, ಹುಚ್ಚ ಅಂದಿದ್ದಳು, ಆದರೆ ಆ ಒಂದು ಮಾತನ್ನು ಎಂಥ ಸಿಟ್ಟಿನಲ್ಲೂ ನಾಲಿಗೆ ಮೇಲೆ ತಂದಿರಲಿಲ್ಲ. ಯಾವ ತಾಯಿ ತರ್ತಾಳೆ? ಇಡೀ ಊರು ನೋಡ್ತಾ ನಿಂತಿದೆ. ಮಗನ ಕಾಲು ನಡುಗುತ್ತಿದೆ.

ಚೆಲುವಾಜಮ್ಮ ಸೆರಗು ಬಾಯಿಗೆ ಒತ್ತಿ ಹಿಡಿದು, ಮತ್ತೆ ತೆಗೆದು, ಹೇಳಿದಳು: "ಬರಬೇಡ ಕಣೋ ಮಗ. ನಮ್ಮ ಮನೆಗೆ ನೀನು ಬರಲೇಬೇಡ."

ಅಂಕೇಶನ ಮುಖ ಅರಳಿತು. ಬಂದೆ ಕಣವ್ವ ಅಂತ ಸೈಕಲ್ಲು ತಿರುಗಿಸಿ ಮನೆ ಕಡೆ ಬಿಟ್ಟ. ಅವಳು ಹಿಂದೆಯೇ ಅಳುತ್ತಾ ನಗುತ್ತಾ ಓಡಿದಳು. ಬಾಗಿಲು ಹತ್ತಿರ ಬಂತು. ಮೆಲ್ಲಗೆ, ಮೆಲ್ಲಗೆ, ನಿಲ್ಸು ಅಂತ ಕೂಗಿಬಿಟ್ಟಳು. ಅಂಕೇಶ ನಿಲ್ಲಿಸದೆ, ಮೆಲ್ಲಗೂ ಹೋಗದೆ, ನಡುಮನೆ ಹೊಕ್ಕು, ಸೊಪ್ಪಿನ ಕುಕ್ಕೆ ಹಾರಿಸಿ, ಒಲೆ ಪಕ್ಕದಲ್ಲಿ ನುಗ್ಗಿ, ಹಿತ್ತಿಲ ಬಾಗಿಲಿಂದ ಹೊರಬಿದ್ದು, ತಿಪ್ಪೆಯೊಳಗೆ ಸೊಂಟದವರೆಗೆ ಹೂತುಕೊಂಡ. ಚೆಲುವಾಜಮ್ಮ ಓಡಿಬಂದು ಮೊದಲು ಮಗನ ಮೈ ತಡವಿದಳು, ಆಮೇಲೆ ಟೈರು ತಡವಿದಳು. ಕಟ್ಟೆ ಸುತ್ತಿದ ಸುತ್ತಿಗೆ ನೆಲಕ್ಕೆ ತಾಗೋ ಕಡೆ ಒಂದು ಎಳೆಯೂ ಉಳಿದಿರಲಿಲ್ಲ. ಸಂತೋಷ ತಡೆಯಲಾರದೆ ಏಳೋ ನನ್ನಪ್ಪ ಅಂದಳು. ಅವನು ಗೊಬ್ಬರದ ಮೇಲೆ ಕಾಲು ಚಾಚಿ ಮಲಗಿಬಿಟ್ಟ.

ಸೈಕಲ್ಲು ಅವರದೇ ಆಯಿತು, ಮೊಪೆಡ್ಡು ಅವಳದಾಯಿತು. ನೀವು ಯಾವತ್ತಾದರೂ ಬೆಳಿಗ್ಗೆ ಹುರುಳಿಕೊಪ್ಪಲಿನ ಮೇಲೆ ಹಾದು ಹೋದರೆ, ಒಬ್ಬ ತಾಯಿ ಬಾಗಿಲಲ್ಲಿ ನಿಂತು, ಸೈಕಲ್ಲು ಹತ್ತಿದ ಮಗನಿಗೆ ಉಣ್ಣಬೇಡ, ಓದಬೇಡ, ಸಂಜೆ ಮನೆಗೆ ಬರಬೇಡ ಅಂತ ಕೂಗೋದು ಕೇಳಿಸ್ತದೆ. ಇದೆಂಥ ತಾಯಿ ಅಂತ ಅವಳ ಮೇಲೆ ಅನುಮಾನ ಪಡಬೇಡಿ.